ಹಾಡಹಗಲಲ್ಲಿ ಬೀದರಿಗೆ

ನನ್ನ ಎರಡನೆಯ ಮದುವೆ ಕತ್ತಲಲ್ಲಿ ಆಯಿತು. ನಮ್ಮ ಕಡೆ ಅದಕ್ಕೆ ಮದುವೆ ಅನ್ನುವುದಿಲ್ಲ, ಉಡಿಕಿ ಅನ್ನುತ್ತಾರೆ. ಗಂಡ ಸತ್ತವಳು ಮತ್ತೊಬ್ಬನ ಕೈ ಹಿಡಿಯಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಬಾಜಾಬಜಂತ್ರಿ ಇಲ್ಲ, ಹಂದರ ಇಲ್ಲ, ಮುತ್ತೈದೆಯರು ಎದುರಿಗೆ ಬರುವಂತಿಲ್ಲ. ದೀಪ ಸಣ್ಣದು ಮಾಡಿ ಸೀರೆ ಉಡಿಸುತ್ತಾರೆ, ಕೈಗೆ ನಾಲ್ಕು ಕರಿಬಳೆ ಇಡುತ್ತಾರೆ, ಹಿಂದಿನ ಬಾಗಿಲಿನಿಂದ ಕಳಿಸಿಬಿಡುತ್ತಾರೆ. ಬೆಳಗಾಗುವಾಗ ನಾನು ಭಾಲ್ಕಿಯಲ್ಲಿದ್ದೆ, ಹಗ್ಗದ ಅಂಗಡಿಯವನ ಹೆಂಡತಿಯಾಗಿದ್ದೆ.

ಮೊದಲನೆಯ ಗಂಡನ ಮನೆ ಔರಾದ ಕಡೆಯ ಒಂದು ಸಣ್ಣ ಹಳ್ಳಿ. ತವರು ಮೆಹಕರ. ಅವನ ಜೊತೆ ನಾನು ಬಾಳಿದ್ದು ಸ್ವಲ್ಪವೇ ಕಾಲ. ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಕಾಟ ಏರಿದ್ದ ದಿನಗಳವು. ಒಂದು ಸಂಜೆ ಅವರು ನಮ್ಮ ಊರಿಗೆ ನುಗ್ಗಿದರು, ಮನೆಮನೆಯ ಹಗೇವು ತೆಗೆಸಿ ಜೋಳ ತುಂಬಿಕೊಳ್ಳತೊಡಗಿದರು. ನೆಲದೊಳಗೆ ಧಾನ್ಯ ಹುಗಿದಿಡುವ ಕುಣಿಗೆ ನಾವು ಹಗೇವು ಅನ್ನುತ್ತೇವೆ. ನಮ್ಮ ಹಗೇವು ಅಂಗಳದಲ್ಲೇ ಇತ್ತು. ಅವನು ಗೋಡೆಗೆ ಆನಿಸಿದ್ದ ಕೊಡಲಿ ತೆಗೆದುಕೊಂಡು ಬಾಗಿಲಲ್ಲಿ ನಿಂತ. "ಅವ್ವನ ಕರಕೊಂಡು ಹಿತ್ತಲದಿಂದ ಓಡು" ಎಂದ. ನಾನೂ ಅತ್ತೆಯೂ ಆಳೆತ್ತರದ ಜೋಳದ ಹೊಲದೊಳಗೆ ಹೊಕ್ಕೆವು. ಬಂದೂಕಿನ ಸದ್ದು ಕೇಳಿಸಿತು. ರಾತ್ರಿಯೆಲ್ಲ ಅಲ್ಲೇ ಕೂತಿದ್ದು ಬೆಳಗ್ಗೆ ಮನೆಗೆ ಬಂದಾಗ ಅವನು ಹೊಸ್ತಿಲಿಗೆ ಅಡ್ಡಲಾಗಿ ಬಿದ್ದಿದ್ದ.

ಮುಂದೆ ಹಿಂದುಸ್ತಾನದ ಫೌಜು ಬಂತು. ಪೋಲೀಸ್ ಆಕ್ಷನ್ ಆಯಿತು ಅಂದರು. ನಿಜಾಮನ ಆಳಿಕೆ ಮುಗಿದು ಹೈದರಾಬಾದ್ ಸಂಸ್ಥಾನಕ್ಕೆ ಹೊಸ ಸರ್ಕಾರ ಬಂತು. ಔರಾದಿನ ಕೆಲವು ಹಿರಿಯರು ವರ್ಷಕ್ಕೊಮ್ಮೆ ಸಭೆ ಮಾಡಿ, ಸತ್ತವರನ್ನು ನೆನೆಯತೊಡಗಿದರು. ನನ್ನ ಗಂಡನ ಫೋಟೋ ಎಲ್ಲೂ ಇರಲಿಲ್ಲ, ಅವನು ಜನ್ಮದಲ್ಲಿ ಫೋಟೋ ತೆಗೆಸಿಕೊಂಡವನಲ್ಲ. ಅದಕ್ಕೇ ನನ್ನನ್ನು ಕೂರಿಸುತ್ತಿದ್ದರು. ಬಿಳಿ ಸೀರೆ, ಬರಿಗೈ, ತಲೆಯ ಮೇಲೆ ಸೆರಗು. ಭಾಷಣ ಮಾಡುವವರು ನಡುನಡುವೆ ನನ್ನತ್ತ ಕೈ ತೋರಿಸುತ್ತಿದ್ದರು. ಆಗ ಜನ ಅಳುತ್ತಿದ್ದರು. ನನಗೆ ಅಳು ಬರುತ್ತಿರಲಿಲ್ಲ, ಬಿಸಿಲಿಗೆ ತಲೆನೋವು ಬರುತ್ತಿತ್ತು.

ಆಗ ನಾನು ತವರಿಗೆ ಬಂದಿದ್ದೆ. ಭಾಲ್ಕಿಯ ಹಗ್ಗದ ಅಂಗಡಿಯವನು ನಮ್ಮ ಅಪ್ಪನ ಹತ್ತಿರ ಪುಂಡಿನಾರು ಕೊಳ್ಳಲು ಮೆಹಕರಕ್ಕೆ ಬರುತ್ತಿದ್ದ. ಸುತ್ತುಬಳಸಿ ಮಾತಾಡುವವನಲ್ಲ. ಒಂದು ದಿನ ನಾರಿನ ಹೊರೆ ಬಂಡಿಗೆ ಹಾಕಿದ ಮೇಲೆ ಅಪ್ಪನಿಗೆ, "ನಿಮ್ಮ ಮಗಳನ್ನ ಕೊಡ್ರಿ, ಅಕಿನ್ನ ಕೇಳಿ ಕೊಡ್ರಿ" ಎಂದನಂತೆ. ಅಪ್ಪ ಒಳಗೆ ಬಂದು ಕೇಳಿದ. ನಾನು ಹೂಂ ಅಂದೆ. ಸುದ್ದಿ ತಿಳಿದು ಔರಾದಿನಿಂದ ಹಿರಿಯರು ಬಂದರು.

"ಅಕಿ ಹುತಾತ್ಮನ ಹೆಣ್ತಿ. ಉಡಿಕಿ ಮಾಡಿದ್ರ ನಾಡಿನ ಮಾನ ಹೋಗ್ತದ" ಎಂದರು.

ಅಪ್ಪ ತಾಳ್ಮೆಯ ಮನುಷ್ಯ. ಶರಣರ ಮಾತು ನಂಬಿದವನು, ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಮಾತ್ರ, "ನಾಡಿನ ಮಾನ ಅಷ್ಟು ಹಗುರ ಇದ್ರ ನೀವೇ ಹೊರ್ರಿ. ನನ್ನ ಮಗಳ ತಲಿ ಮ್ಯಾಲ ಯಾಕ ಇಡ್ತೀರಿ?" ಎಂದು ಎದ್ದು ನಿಂತ. ಅವರು ಚಹಾ ಕುಡಿಯದೆ ಹೋದರು.

ಭಾಲ್ಕಿಗೆ ಬಂದ ಮೇಲೆ ಕೆಲವು ತಿಂಗಳು ನಾವಿಬ್ಬರೂ ಕಳ್ಳರಂತೆ ಬದುಕಿದೆವು. ಓಣಿಯಲ್ಲಿ ಮದುವೆಯಾದರೆ ಕರೆಯುತ್ತಿರಲಿಲ್ಲ. ನೀರಿಗೆ ಹೋದರೆ ಬಾವಿಯ ಕಟ್ಟೆಯಲ್ಲಿ ಮಾತು ನಿಲ್ಲುತ್ತಿತ್ತು. ಮುಂಜಾನೆ ಹೊರಗೆ ಹೋಗುವ ಗಂಡಸರು ನಾನು ಎದುರಾದರೆ ಮನೆಗೆ ತಿರುಗಿ ಹೋಗಿ ಚಪ್ಪಲಿ ಬಿಚ್ಚಿ ಕೂತು ಮತ್ತೆ ಹೊರಡುತ್ತಿದ್ದರು. ಒಂದು ದಿನ ಹೀಗೆಯೇ ಒಬ್ಬಾತ ತಿರುಗಿ ಹೋದದ್ದನ್ನು ನನ್ನ ಗಂಡ ಅಂಗಡಿಯಿಂದಲೇ ನೋಡಿದ. ಊಟಕ್ಕೆ ಕೂತಾಗ ಕೇಳಿದ, "ನಾವೇನ್ ಕಳವು ಮಾಡೀವೇನ?"

"ಇಲ್ಲ."

"ಮತ್ತ ಯಾಕ ಸಂದಿ ಹಿಡದು ತಿರಗಬೇಕು? ಹೊಸಾ ಗಂಡಹೆಂಡತಿ ಬೀದರಿಗೆ ಹೋಗಿ ಕೋಟಿ ನೋಡ್ತಾರ, ಚೌಬಾರಾದ ಗೋಪುರ ಹತ್ತತಾರ. ನಾವೂ ಹೋಗೂಣು. ಹಾಡಹಗಲದಾಗ, ಬಜಾರದ ನಡುವ ನಡಕೊಂತ."

"ಜನ ನೋಡ್ತಾರಲ್ರಿ."

"ನೋಡ್ಲಿ ಅಂತೇ ಹೋಗೂದು."

ಹೋಗುವ ದಿನ ಹಸಿರು ಸೀರೆ ಉಟ್ಟೆ. ಅವನು ರುಮಾಲು ಹೊಸದಾಗಿ ಸುತ್ತಿಕೊಂಡ. ಅಂಗಡಿಯ ಬಾಗಿಲು ಹಾಕಿ ಇಬ್ಬರೂ ಭಾಲ್ಕಿಯ ಬಜಾರಿನ ನಟ್ಟನಡುವೆ ಸ್ಟೇಷನ್ನಿಗೆ ನಡೆದೆವು. ನಾನು ಹಿಂದೆ ಉಳಿದಾಗಲೆಲ್ಲ ಅವನು ನಿಂತು, ಸಾಲಿಗೆ ಬಂದ ಮೇಲೆಯೇ ಮುಂದೆ ಹೆಜ್ಜೆ ಇಡುತ್ತಿದ್ದ. ಕಿರಾಣಿ ಅಂಗಡಿಯವನು ತಕ್ಕಡಿ ಕೈಯಲ್ಲಿ ಹಿಡಿದೇ ನೋಡಿದ. ನನ್ನ ಗಂಡ ಅವನಿಗೆ ಶರಣು ಹೇಳಿದ. ಪಾಪ, ಅವನೂ ತಿರುಗಿ ಶರಣು ಹೇಳಲೇಬೇಕಾಯಿತು.

ಬೀದರಿನಲ್ಲಿ ರೈಲು ಇಳಿದು ಊರೊಳಗೆ ಬಂದರೆ ನಾಲ್ಕು ದಾರಿ ಕೂಡುವಲ್ಲಿ ಚೌಬಾರಾ ಕಾಣಿಸಿತು. ದುಂಡನೆಯ, ದಪ್ಪನೆಯ, ಕಾವಲಿನವನಂತೆ ಒಂದೇ ಸಮನೆ ನಿಂತ ಗೋಪುರ. ಮೊದಲು ಕೋಟೆ ನೋಡಿ ಬಂದು ಆಮೇಲೆ ಹತ್ತೋಣ ಎಂದ ನನ್ನ ಗಂಡ. ಹಾಗೆಂದವನು ಗೋಪುರದ ತುದಿಯನ್ನು ಒಮ್ಮೆ ನೋಡಿ ಬೇಗ ತಲೆ ತಗ್ಗಿಸಿದ್ದು ನನ್ನ ಕಣ್ಣಿಗೆ ಬಿತ್ತು.

ಕೋಟೆಯಲ್ಲಿ ಒಂದು ಹಳೆಯ ಕಟ್ಟಡದೊಳಗೆ ಆಯುಧಗಳನ್ನು ಇಟ್ಟಿದ್ದರು. ಜನ ಅದಕ್ಕೆ ಅಜಬ್‌ಘರ್ ಅನ್ನುತ್ತಿದ್ದರು. ಬಾದಶಹರ ಕಾಲದ ಕತ್ತಿ, ಗುರಾಣಿ, ತೋಪಿನ ಗುಂಡು. ನನ್ನ ಗಂಡನಿಗೆ ಅವುಗಳಿಗಿಂತ ತೋಪು ಎಳೆಯಲು ಬಳಸುತ್ತಿದ್ದ ಒಂದು ಹಳೆಯ ಹಗ್ಗದ ತುಂಡೇ ಹೆಚ್ಚು ಹಿಡಿಸಿತು. "ಎಷ್ಟು ಎಳಿ ಕೂಡಿಸಿ ಹೊಸೆದಾರ ನೋಡು" ಎಂದು ಬಾಗಿ ಬಾಗಿ ನೋಡಿದ. ಅಲ್ಲಿಂದ ಮುಂದಿನ ಕೋಣೆಯಲ್ಲಿ ಈಚಿನ ಗಲಾಟೆಯ ಕಾಲದ್ದನ್ನು ಊರ ಕೆಲವರು ಸೇರಿ ಜೋಡಿಸಿಟ್ಟಿದ್ದರು. ರಜಾಕಾರರಿಂದ ಕಸಿದುಕೊಂಡ ಬಂದೂಕು, ಬರ್ಚಿ, ಹರಿದ ಖಾಕಿ ಅಂಗಿ. ಅವುಗಳನ್ನು ತೋರಿಸಲು ಒಬ್ಬ ಮನುಷ್ಯನನ್ನು ಇಟ್ಟಿದ್ದರು. ಬಿಳಿ ಟೋಪಿ, ಕೈಯಲ್ಲಿ ಬೆತ್ತ. ಸುತ್ತ ಹತ್ತಾರು ಜನ ನಿಂತಿದ್ದರು.

ಬೆತ್ತದ ತುದಿ ಒಂದು ಕೊಡಲಿಯ ಮೇಲೆ ನಿಂತಿತು. ಜಾಲಿಯ ಕಾವು. ಕಾವು ಸೀಳು ಬಿಟ್ಟಲ್ಲಿ ತಾಮ್ರದ ತಂತಿ ಸುತ್ತಿತ್ತು. ನನ್ನ ಮೊದಲ ಗಂಡ ಅದನ್ನು ಸುತ್ತುವಾಗ ತಂತಿಯ ಇನ್ನೊಂದು ತುದಿ ಹಿಡಿದವಳು ನಾನೇ.

"ಇದು ಔರಾದ ಕಡಿ ಒಬ್ಬ ವೀರನ ಕೊಡ್ಲಿ" ಎಂದು ಬೆತ್ತದವನು ಶುರು ಮಾಡಿದ. "ಒಬ್ಬನೇ ನಿಂತು ಹತ್ತು ಮಂದಿ ರುಂಡ ಹಾರಿಸಿದ. ನಗಕೊಂತ ಎದಿಗೆ ಗುಂಡು ತಗೊಂಡ. ಅವನ ಹೆಣ್ತಿ ಮಹಾಸಾಧ್ವಿ. ಗಂಡನ ಚಿತಾ ಹತ್ತಾಕ ಹೋಗಿದ್ದಳು, ಊರವ್ರು ಹಿಡದ್ರು. ಇವತ್ತಿಗೂ ಕತ್ತಲ ಕ್ವಾಣ್ಯಾಗ ಕೂತು ಒಂದೇ ಹೊತ್ತು ಉಂಡು ಅವನ ಹೆಸರು ಜಪಿಸ್ಕೊಂತ ಅದಾಳ."

ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಗಂಡ ನನ್ನನ್ನೇ ನೋಡುತ್ತಿದ್ದ. ಹೋಗೋಣ ಅನ್ನಲಿಲ್ಲ, ಮಾತಾಡು ಅಂತಲೂ ಅನ್ನಲಿಲ್ಲ. ಬರೀ ನನ್ನ ಪಕ್ಕಕ್ಕೆ ಇನ್ನಷ್ಟು ಸರಿದು ನಿಂತ.

"ನಮ್ಮಲ್ಲಿ ಸುಡೂದಿಲ್ರಿ. ಹುಗೀತಾರ" ಎಂದೆ.

ಬೆತ್ತದವನು ತಿರುಗಿದ. "ಏನಂದಿ ತಂಗಿ?"

"ಅವರ ಮನಿತನದಾಗ ಸುಡೂದಿಲ್ಲ. ಹೊಲದಾಗ ಕುಣಿ ತೋಡಿ ಕೂಡಿಸಿ ಹುಗದ್ರು. ಚಿತಾ ಇದ್ದಿಲ್ಲ, ಮತ್ತ ಅಕಿ ಹ್ಯಾಂಗ ಹತ್ತತಾಳ?"

"ನಿನಗೇನ್ ಗೊತ್ತು?"

"ಅಕಿ ನಾನೇ ಅದೀನಿ."

ಬೆತ್ತದವನು ನನ್ನ ಹಸಿರು ಸೀರೆ ನೋಡಿದ, ಕೈಯ ಬಳೆ ನೋಡಿದ, ಪಕ್ಕದಲ್ಲಿದ್ದ ಗಂಡನನ್ನು ನೋಡಿದ. ಹತ್ತಿರ ಬಂದು ದನಿ ತಗ್ಗಿಸಿದ. "ಇಷ್ಟು ಮಂದಿ ಮುಂದ ಹಿಂಗ ಅನಬಾರದವ್ವ. ಸತ್ತವನ ಹೆಸರಿಗೆ ಕಳಂಕ ಬರ್ತದ. ಸುಮ್ಮ ಹೋಗು."

ನಾನು ಔರಾದಿನ ವೇದಿಕೆಯ ಮೇಲೆ ಎಷ್ಟು ಸಲ ಸುಮ್ಮನೆ ಕೂತಿದ್ದೆನೋ ಅದೆಲ್ಲ ಆ ಒಂದು ಮಾತಿಗೆ ಮೈಮೇಲೆ ಬಂತು. ದನಿ ಗಟ್ಟಿಯಾಗಿಯೇ ಬಂತು.

"ಅಂವ ಯಾರ ರುಂಡಾನೂ ಹಾರಿಸಿಲ್ರಿ. ಒಬ್ಬರಿಗೂ ಕೊಡ್ಲಿ ತಾಕಿಲ್ಲ, ಮುಂಜಾನಿ ನೋಡಿದಾಗ ಅದರ ಅಲಗಿಗೆ ಹನಿ ರಕ್ತ ಹತ್ತಿದ್ದಿಲ್ಲ. ನಗತಿದ್ದಿಲ್ಲ, ಹೆದರಿದ್ದ. ಕಾಲು ಥರಥರ ನಡಗತಿದ್ದವು, ನಾ ಕಣ್ಣಾರೆ ನೋಡೀನಿ. ಹೆದರಕೊಂಡೇ ಬಾಗಲಾಗ ನಿಂತ. ಅಂವ ಅಲ್ಲಿ ನಿಂತಿದ್ದಕ್ಕ ನಾನೂ ನಮ್ಮತ್ತಿನೂ ಜೋಳದ ಹೊಲ ಮುಟ್ಟಿದಿವಿ. ಅಷ್ಟೇ ಮಾಡ್ಯಾನ. ಅಷ್ಟು ಸಾಲದೇನ್ರಿ ನಿಮಗ?"

ನನಗೆ ನಿಲ್ಲಿಸಲಾಗಲಿಲ್ಲ. "ಈ ಕೊಡ್ಲಿ ಕಟಿಗಿ ಒಡಿಯೂ ಕೊಡ್ಲಿ. ಅಂವ ಹಾಡು ಹೇಳ್ಕೊಂತ ಹೊಡೀತಿದ್ದ, ರಾಗ ಕೂಡತಿದ್ದಿಲ್ಲ. ಮೊಸರಿಲ್ದ ರೊಟ್ಟಿ ಮುಟ್ಟತಿದ್ದಿಲ್ಲ. ಎತ್ತಿಗೆ ಬೈತಿದ್ದ, ಬೈದು ಮತ್ತ ಅದರ ಹಣಿ ತಿಕ್ಕತಿದ್ದ. ಇದೂ ಹೇಳ್ರಿ ಮಂದಿಗೆ. ನಾನು ದಿನಾ ಎರಡು ಹೊತ್ತು ಉಣ್ತೇನಿ ಅಂತನೂ ಹೇಳ್ರಿ."

ಗುಂಪಿನಲ್ಲಿದ್ದ ಒಬ್ಬ ದಪ್ಪ ಮೀಸೆಯವನಿಗೆ ಸಿಟ್ಟು ಬಂದಿತ್ತು. "ಮತ್ತೊಬ್ಬನ ಮನಿ ಹೊಕ್ಕು ಇಲ್ಲಿ ಬಂದು ಮಾತಾಡ್ತಾಳ. ನಾಚಿಕಿ ಇಲ್ಲ" ಎಂದ. ಆಗ ನನ್ನ ಗಂಡ ಮೊದಲ ಸಲ ಬಾಯಿ ಬಿಟ್ಟ. ಹೊಡೆದಾಟಕ್ಕೆ ಇಳಿಯುತ್ತಾನೆಂದು ನಾನು ಹೆದರಿದೆ. ಅವನು ಹಗ್ಗದ ಗಿರಾಕಿಯ ಜೊತೆ ಮಾತಾಡುವಂತೆಯೇ ಮಾತಾಡಿದ.

"ನನ್ನ ಮನಿ ಅಕಿ ಹೊಕ್ಕಿಲ್ರಿ. ನಾ ಕರದೀನಿ, ಅಕಿ ಬಂದಾಳ. ನಾಚಿಕಿ ಆಗೂ ಕೆಲಸ ಇದ್ರ ರೈಲಿನ್ಯಾಗ ಕೂತು ನಿಮ್ಮೂರಿಗೆ ಬರತಿದ್ದಿವೇನು?"

ಕಣ್ಣು ಒರೆಸಿಕೊಂಡಿದ್ದ ಹೆಂಗಸು ನಕ್ಕುಬಿಟ್ಟಳು. ಮೀಸೆಯವನು ಗೊಣಗುತ್ತ ಹೊರಗೆ ಹೋದ. ಸಭೆಯ ಹಿರಿಯರು ಒಯ್ದಿದ್ದ ಆ ಕೊಡಲಿಯನ್ನು ನನ್ನ ಅತ್ತೆಯ ಮನೆಗೆ ತಿರುಗಿ ಕೊಡಿ ಎಂದು ಕೇಳಿದೆ. ಅದು ತನ್ನ ಕೈಯಲ್ಲಿಲ್ಲ ಎಂದ ಬೆತ್ತದವನು. ಅವನೂ ದುಷ್ಟನೇನಲ್ಲ. ಹೋಗುವಾಗ, "ತಂಗಿ, ನಾನು ಹೇಳೂದು ಇದನ್ನೆಲ್ಲ ಇಲ್ಲಿ ಇಟ್ಟವ್ರು ಹೇಳಿಕೊಟ್ಟಿದ್ದು" ಎಂದ. ಕೊಡಲಿ ಅಲ್ಲೇ ಉಳಿಯಿತು.

ಕೋಟೆಯಿಂದ ಚೌಬಾರಕ್ಕೆ ನಡೆದು ಬಂದೆವು. ಗೋಪುರದ ಬುಡದಲ್ಲಿ ಬಳೆಯ ಅಂಗಡಿಗಳಿದ್ದವು. ನನ್ನ ಕೈಯಲ್ಲಿದ್ದ ನಾಲ್ಕು ಕರಿಬಳೆ ನೋಡಿ ಗಂಡ ಅಂದ, "ಮುಂಗೈ ತುಂಬ ಹಸರು ಬಳಿ ಇಟ್ಟಕೋ. ಉಡಿಕಿಯವ್ರಿಗೆ ಇಷ್ಟೇ ಅಂತ ಯಾರು ಅಳತಿ ಹಾಕ್ಯಾರ?"

ಬಳೆ ಇಡುವವಳು ನಡುವಯಸ್ಸಿನ ಮುಸಲ್ಮಾನ ಹೆಂಗಸು. ನನ್ನ ಕೈಯನ್ನು ಹಿಂಡಿ ಹಿಂಡಿ ಮೆತ್ತಗೆ ಮಾಡುತ್ತ ಕೇಳಿದಳು, "ಯಾವೂರು ಬೇಟಿ?"

"ಈಗ ಭಾಲ್ಕಿ. ಮೊದಲ ಔರಾದ ಕಡಿ."

"ಮೊದಲ ಅಂದ್ರ?"

ಹೇಳಿದೆ. ರಜಾಕಾರರು ಬಂದದ್ದು, ಅವನು ಹೋದದ್ದು. ಅವಳ ಬೆರಳು ಒಂದು ಗಳಿಗೆ ನಿಂತಿತು, ಮತ್ತೆ ಬಳೆ ಏರಿಸತೊಡಗಿತು.

"ನನ್ನ ತವರೂ ಆ ಕಡೀನೇ. ನಮ್ಮ ಮನಿಯವ್ರು ಅಲ್ಲಿ ಸಂತಿಗೆ ಬಳಿ ಮಾರಾಕ ಹೋಗತಿದ್ರು. ಯಾವ ರಜಾಕಾರನ ಸಂಗಡಾನೂ ಹೋದವ್ರಲ್ಲ. ಫೌಜ್ ಬಂದ ಮ್ಯಾಲ ಒಂದಿನ ಹೋದವ್ರು ವಾಪಸ್ ಬರಲಿಲ್ಲ. ಮಗನೂ ಸಂಗಡ ಇದ್ದ."

ಫೌಜು ಬಂದ ಮೇಲೆ ನಮ್ಮ ಜನ ರಜಾಕಾರರ ಸೇಡನ್ನು ಬಡ ಮುಸಲ್ಮಾನರ ಮೇಲೆ ಹೇಗೆ ತೀರಿಸಿಕೊಂಡರೆಂಬುದು ನಮ್ಮೂರಿನಲ್ಲೂ ಎಲ್ಲರಿಗೂ ಗೊತ್ತಿತ್ತು. ಆ ಮಾತು ಬಂದಾಗ ಎಲ್ಲರೂ ದನಕ್ಕೆ ನೀರು ಕುಡಿಸಲು ಎದ್ದು ಹೋಗುತ್ತಿದ್ದರು. ವೇದಿಕೆಯ ಮೇಲೆ ಅದನ್ನು ಯಾರೂ ಎತ್ತಲಿಲ್ಲ.

"ಯಾರು ಮಾಡಿದ್ರು ಅಂತ ಗೊತ್ತದೇನ್ರಿ?" ಎಂದು ಕೇಳಿದವನು ನನ್ನ ಗಂಡ.

"ಗೊತ್ತದ. ಅವ್ರ ಹೆಂಡಂದಿರು ಇಲ್ಲೇ ಬರ್ತಾರ. ಅವ್ರಿಗೂ ಬಳಿ ಇಡ್ತೇನಿ." ಅವಳು ಕಣ್ಣೆತ್ತಲಿಲ್ಲ. "ಅಂಗಡಿ ಮುಚ್ಚಿ ಹೈದರಾಬಾದಿಗೆ ಹೋಗು ಅಂತಾರ ನಮ್ಮ ಅಣ್ಣಂದಿರು. ನಾ ಯಾಕ ಹೋಗ್ಲಿ? ಇದು ನನ್ನ ಮಾವನ ಕಾಲದ ಜಾಗ. ನನ್ನ ನೋಡಿ ಅವ್ರಿಗೆ ಹೊಟ್ಟ್ಯಾಗ ಚುರ್ ಅಂದ್ರ ಅನ್ನಲಿ. ದಿನಾ ಇಲ್ಲೇ ಕೂಡ್ತೇನಿ."

ಕೈ ತುಂಬಿದ ಮೇಲೆ ಅವಳು ನನ್ನ ಮುಂಗೈಯನ್ನು ಒಮ್ಮೆ ಅಲ್ಲಾಡಿಸಿ ಸದ್ದು ಕೇಳಿ, "ಛಲೋ ಅದಾವ" ಎಂದಳು. ಮೇಲೆ ಹತ್ತಲು ನಮ್ಮ ಜೊತೆ ಬನ್ನಿ ಎಂದೆ. "ನನ್ನ ಅಂಗಡಿ ನಿನ್ನ ಗಂಡ ಕಾಯ್ತಾನೇನು?" ಎಂದು ಗದರಿದಳು. ಗಂಡ ತಕ್ಷಣ, "ಕಾಯ್ತೇನಿ, ಹೋಗ್ರಿ" ಎಂದ. ಅಷ್ಟು ಅವಸರದಲ್ಲಿ ಅಂದದ್ದು ಕೇಳಿ ನನಗೆ ಅನುಮಾನ ಬಂತು. ಅವಳು ನಕ್ಕಳು, ಆದರೆ ಏಳಲಿಲ್ಲ.

ಗೋಪುರದ ಬಾಗಿಲಲ್ಲಿ ಒಬ್ಬ ಮುದುಕ ಹಗ್ಗ ಹೆಣೆದ ಹೊರಸಿನ ಮೇಲೆ ಕೂತಿದ್ದ. ಹೆಂಗಸರನ್ನು ಬಿಡುವುದಿಲ್ಲ ಅನ್ನುತ್ತಾನೆಂದು ನಾನು ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಅವನು ನನ್ನ ಗಂಡನಿಗೆ ಕೈ ಅಡ್ಡ ಹಿಡಿದ.

"ಅಕಿ ಹೋಗಲಿ. ನೀ ಹೋಗಬ್ಯಾಡ. ಮ್ಯಾಲಿಂದ ಸುತ್ತ ಮನಿಗಳ ಅಂಗಳ ಕಾಣಸ್ತಾವ, ಪರ್ದಾದ ಹೆಣ್ಣಮಕ್ಕಳು ಇರ್ತಾರ."

ಗಂಡನ ಮುಖದಲ್ಲಿ ಮಳೆ ಬಂದಷ್ಟು ಸಮಾಧಾನ ಕಾಣಿಸಿತು. "ಹೌದ್ರಿ, ಖರೇ ಅದ, ನಾ ಇಲ್ಲೇ ಇರ್ತೇನಿ" ಎಂದು ಹೊರಸಿನ ತುದಿಗೆ ಕೂತೇಬಿಟ್ಟ.

"ನಿಮಗ ಎತ್ತರ ಅಂದ್ರ ಹೆದರಿಕೇನು?" ಎಂದೆ.

ಅವನು ಒಪ್ಪಿಕೊಂಡ. "ತಲಿ ಗಿರ್ರ ಅಂತದ. ಮಾಳಗಿ ಮ್ಯಾಲ ಹತ್ತಿದ್ರೂ ಅಂತದ."

"ಮತ್ತ ಚೌಬಾರಾ ಹತ್ತೂಣು ಅಂತ ನೀವೇ ಕರಕೊಂಡು ಬಂದ್ರಿ?"

"ಹೊಸಾ ಗಂಡಹೆಂಡತಿ ಹತ್ತತಾರಲ್ಲ" ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ನಾನು ಮುದುಕನಿಗೆ ಹೇಳಿದೆ, "ಚಾಚಾ, ಇವ್ರು ಕಣ್ಣ ಮುಚ್ಚಿಕೊಂಡೇ ಹತ್ತತಾರ. ಯಾರ ಅಂಗಳಾನೂ ನೋಡಂಗಿಲ್ಲ. ನನ್ನ ಮಾತು." ಮುದುಕ ನನ್ನ ಗಂಡನ ಬೆವರಿದ ಹಣೆ ನೋಡಿ ಕೆಮ್ಮು ಬರುವಷ್ಟು ನಕ್ಕ, ಕೈ ತೆಗೆದ.

ಮೆಟ್ಟಿಲು ಕಿರಿದು, ಒಳಗೆ ಕತ್ತಲು, ಸುತ್ತಿ ಸುತ್ತಿ ಮೇಲೆ ಹೋಗುತ್ತಿತ್ತು. ನಾನು ಮುಂದೆ, ಅವನು ನನ್ನ ಸೆರಗು ಹಿಡಿದು ಹಿಂದೆ. ನಡುವೆ ಒಂದೆಡೆ ಕೂತುಬಿಟ್ಟ. ಇಳಿಯೋಣವೇ ಎಂದೆ. ಬೇಡ ಎಂದ. ಕೆಲವು ಮೆಟ್ಟಿಲನ್ನು ಕೂತಲ್ಲಿಂದಲೇ ಹಿಂದಕ್ಕೆ ಸರಿಯುತ್ತ ಏರಿದ, ರುಮಾಲು ಗೋಡೆಗೆ ತಾಕಿ ಬಿಚ್ಚಿಹೋಯಿತು. ನಾವು ನಗುತ್ತಿದ್ದೆವು, ಆದರೆ ಅವನ ಕೈ ಮಂಜಿನಷ್ಟು ತಣ್ಣಗಿತ್ತು.

ತುದಿಗೆ ಬಂದಾಗ ಗಾಳಿ ಜೋರಾಗಿತ್ತು. ಅವನು ಗೋಡೆಗೆ ಬೆನ್ನು ಒತ್ತಿ ಕಣ್ಣು ಬಿಗಿಯಾಗಿ ಮುಚ್ಚಿ ನಿಂತ. "ಏನೇನ್ ಕಾಣಸ್ತದ ಹೇಳು" ಎಂದ. ನಾನು ಹೇಳಿದೆ. ಮದರಸಾದ ಮಿನಾರು, ಅದರ ಮೈಮೇಲೆ ಉಳಿದ ನೀಲಿ ಹೆಂಚು. ಕೋಟೆಯ ಬುರುಜು. ಕೆಂಪು ಮಣ್ಣಿನ ಬಯಲು ಮುಗಿದು ನೆಲ ಇಳಿಯುವ ಅಂಚು, ಅದರಾಚೆ ಕರಿ ಹೊಲ. ಜನವಾಡದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಬಂಡಿ.

"ಆ ದಾರಿ ಔರಾದಿಗೆ ಹೋಗ್ತದಲ್ಲ" ಎಂದ.

"ಹೌದ್ರಿ."

"ಅವನ್ನ ನೆನಸ್ಕೋಬೇಕನಸಿದ್ರ ನೆನಸ್ಕೋ. ನನ್ನ ಮುಂದ ಮುಚ್ಚಿಡಬ್ಯಾಡ. ಮೊಸರಿನ ಮಾತು ನನಗ ಯಾವತ್ತೂ ಹೇಳಿದ್ದಿಲ್ಲ ನೀ."

ಅಲ್ಲಿಯವರೆಗೆ ನಾನು ಆ ಗಂಡನಿಗಾಗಿ ಜನರ ಮುಂದೆ ಅತ್ತಿರಲಿಲ್ಲ. ಆ ಗಾಳಿಯಲ್ಲಿ ನಿಂತು ಅತ್ತೆ. ಈ ಗಂಡ ಕಣ್ಣು ಮುಚ್ಚಿಕೊಂಡೇ ಇದ್ದುದರಿಂದ ಅಳು ನೋಡಲಿಲ್ಲ, ಕೇಳಿಸಿಕೊಂಡಿರಬೇಕು.

ನಾವು ಭಾಲ್ಕಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿದಂತಿತ್ತು. ವಾರದೊಳಗೆ ಔರಾದಿನ ಹಿರಿಯರು ಹೇಳಿಕಳಿಸಿದರು: ಹುತಾತ್ಮನನ್ನು ಹೆದರಿದವನು ಅಂದದ್ದಕ್ಕೆ ಊರ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುವುದಿಲ್ಲ ಎಂದು ಹೇಳಿಕಳಿಸಿದೆ. ಅದಾದ ಮೇಲೆ ಒಂದು ಮುಂಜಾನೆ ನಮ್ಮ ಬಾಗಿಲ ಮುಂದೆ ಬಂಡಿ ನಿಂತಿತು. ಇಳಿದವಳು ನನ್ನ ಮೊದಲಿನ ಅತ್ತೆ. ಬೈಯಲು ಬಂದಿದ್ದಾಳೆ ಎಂದುಕೊಂಡು ನೀರು ಕೊಟ್ಟು ಎದುರಿಗೆ ನಿಂತೆ. ಕುಡಿದಳು, ಲೋಟ ಕೆಳಗಿಟ್ಟಳು.

"ಅಂವ ಹೆದರಿದ್ದ ಅಂದಿಯಂತ."

"ಅಂದೀನಿ ಅತ್ತಿ."

"ಖರೇ. ಸಣ್ಣಾಂವ ಇದ್ದಾಗಿಂದೂ ಅಂವ ಪುಕ್ಕಲ. ಗುಡಗು ಬಂದ್ರ ನನ್ನ ಸೀರಿ ಹಿಡೀತಿದ್ದ." ಗೋಡೆಗೆ ಆನಿ ಕೂತಳು. "ಆ ಮಂದಿ ಹೇಳೂದು ಕೇಳಿ ಕೇಳಿ ನನ್ನ ಮಗ ಹ್ಯಾಂಗಿದ್ದ ಅನ್ನೂದೇ ಮರತ ಹೊಂಟಿತ್ತು. ನಿನ್ನ ಕಡಿಂದ ಕೇಳೂಣು ಅಂತ ಬಂದೆ. ಕೂಡು."

ಅವಳು ಎರಡು ದಿನ ಇದ್ದಳು. ನಾವಿಬ್ಬರೂ ಅವನ ಮಾತೇ ಆಡಿದೆವು. ನನ್ನ ಗಂಡ ಅಂಗಡಿಯಿಂದ ಬಂದು ಅವಳ ಕಾಲಿಗೆ ಶರಣು ಮಾಡಿ ಹತ್ತಿರವೇ ಕೂತು ಕೇಳುತ್ತಿದ್ದ. ಓಣಿಯವರು ಹೊರಗೆ ನಿಂತು ನೋಡಿದರು. ನಾವು ಬಾಗಿಲು ಹಾಕಲಿಲ್ಲ.

ಮುಂದಿನ ವರ್ಷ ಔರಾದಿನ ಸಭೆಗೆ ಮತ್ತೆ ಕರೆ ಬಂತು. ಜನ ನನ್ನನ್ನು ಕೇಳಿದ್ದರಂತೆ. ಬಿಳಿ ಸೀರೆ ಉಟ್ಟು ಬಂದು ಕೂತರೆ ಸಾಕು, ಹಳೆಯದೆಲ್ಲ ಮರೆತುಬಿಡೋಣ ಎಂದ ಬಂದವನು.

"ಬರ್ತೇವಿ. ಮೂರೂ ಮಂದಿ ಬರ್ತೇವಿ. ನಾನು, ನಮ್ಮ ಮನಿಯವ್ರು, ಅತ್ತಿ. ಹಸರ ಸೀರಿ ಉಡ್ತೇನಿ. ಬಳಿ ಮಾರಾಂವಂದೂ ಅವನ ಮಗಂದೂ ಸುದ್ದಿ ಹೇಳೂದದ, ಅದನ್ನೂ ಹೇಳ್ತೇನಿ. ಹೋಗಿ ಕೇಳ್ರಿ, ಒಪ್ಪಿದ್ರ ದಿನ ತಿಳಸ್ರಿ" ಎಂದೆ.

ದಿನ ತಿಳಿಸಲು ಯಾರೂ ಬರಲಿಲ್ಲ. ಸಭೆ ನಾನಿಲ್ಲದೆಯೇ ಆಯಿತು. ಅವತ್ತು ಭಾಲ್ಕಿಯ ಸಂತೆ. ಅಂಗಡಿಯಲ್ಲಿ ಗಿರಾಕಿ ಬಹಳ ಇದ್ದರು. ನಾನು ಗಂಡನ ಪಕ್ಕದಲ್ಲೇ ಕೂತು, ಎಲ್ಲರಿಗೂ ಕಾಣುವಂತೆ, ಸಂಜೆಯವರೆಗೆ ಹಗ್ಗ ಅಳೆದು ಕೊಟ್ಟೆ.